ಮಹಿಳೆಯರ ಕ್ಯಾನ್ಸರ್ ಸಾವು: ಎಣಿಸಿದ ಊರು, ಎಣಿಸದ ಊರು

ವಿಜಯಪುರದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಇಲ್ಲಿಂದ ಸೊಲ್ಲಾಪುರಕ್ಕೆ ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಇನ್ನೂ ಎಪ್ಪತ್ತು ಕಿಲೋಮೀಟರ್ ಹೋದರೆ ಬಾರ್ಶಿ ಎಂಬ ಊರು ಸಿಗುತ್ತದೆ. ಭಾಷೆ ಮರಾಠಿ ಎಂಬುದನ್ನು ಬಿಟ್ಟರೆ ನೆಲ, ಬೆಳೆ, ಬಿಸಿಲು, ಬರ ಎಲ್ಲವೂ ನಮ್ಮವೇ. ಅದೇ ಜೋಳದ ರೊಟ್ಟಿ, ಅದೇ ಕಬ್ಬಿನ ಗ್ಯಾಂಗು, ಅದೇ ಚಿಕ್ಕ ವಯಸ್ಸಿನ ಮದುವೆ. 1987ರಲ್ಲಿ ಆ ಊರಿನಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರಿಗೆ ಕ್ಯಾನ್ಸರ್ ಬಂತು, ಯಾವ ಅಂಗಕ್ಕೆ ಬಂತು, ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ಕಾರ್ಯಕರ್ತರು ಮನೆ ಮನೆಗೆ ಹೋಗಿ ಬರೆದುಕೊಳ್ಳತೊಡಗಿದರು. ಮಹಿಳೆಯರ ಕ್ಯಾನ್ಸರ್ ಸಾವಿನ ಪ್ರಾದೇಶಿಕ ವ್ಯತ್ಯಾಸಗಳ ಕುರಿತು ಮಾತನಾಡುವಾಗ ನಾನು ಬೆಂಗಳೂರಿನಿಂದಾಗಲಿ ದೆಹಲಿಯಿಂದಾಗಲಿ ಆರಂಭಿಸದೆ ಬಾರ್ಶಿಯಿಂದ ಆರಂಭಿಸುವುದಕ್ಕೆ ಕಾರಣವಿದೆ: ಬಾಗಲಕೋಟೆ, ವಿಜಯಪುರ, ಬೆಳಗಾವಿ ಎಂಬ ನಮ್ಮ ಮೂರು ಜಿಲ್ಲೆಗಳ ಹೆಣ್ಣುಮಕ್ಕಳ ಬದುಕಿಗೆ ಅತ್ಯಂತ ಹತ್ತಿರವಾದ, ದೀರ್ಘಕಾಲ ಬರೆದಿಟ್ಟ ಲೆಕ್ಕ ಸಿಗುವುದು ಅಲ್ಲಿ.

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ಆರಂಭಿಸಿತು. ಅದರ 2020ರ ವರದಿಯಲ್ಲಿ ಜನಸಂಖ್ಯೆ ಆಧಾರಿತ 28 ನೋಂದಣಿ ಕೇಂದ್ರಗಳ ಅಂಕಿಅಂಶಗಳಿದ್ದವು. ಕರ್ನಾಟಕದ ಪಾಲಿಗೆ ಇದ್ದದ್ದು ಒಂದೇ, ಬೆಂಗಳೂರು. ಹಾಗಾಗಿ ಆ ವರದಿಯನ್ನು ಓದಿ ಕರ್ನಾಟಕದ ಮಹಿಳೆಯರಲ್ಲಿ ಇಂಥ ಕ್ಯಾನ್ಸರ್ ಹೆಚ್ಚು ಎಂದು ಯಾರಾದರೂ ಹೇಳಿದರೆ, ಅವರು ಹೇಳುತ್ತಿರುವುದು ರಾಜಧಾನಿಯ ಮಹಿಳೆಯರ ಬಗ್ಗೆ ಎಂದು ತಿಳಿಯಬೇಕು. ಮುದ್ದೇಬಿಹಾಳದ, ಹುನಗುಂದದ, ಅಥಣಿಯ ಮಹಿಳೆ ಆ ಪುಟಗಳಲ್ಲಿ ಇಲ್ಲ.

ರೋಗಿಗಳ ಲೆಕ್ಕವೇ ಹೀಗಿದ್ದರೆ ಸಾವಿನ ಲೆಕ್ಕ ಇನ್ನೂ ಮಸುಕು. ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿರುವುದು ಸುಮಾರು ಐದರಲ್ಲಿ ಒಂದನ್ನು ಮಾತ್ರ. ಉಳಿದವರು ಮನೆಯಲ್ಲಿ, ಹೊಲದ ಗುಡಿಸಲಿನಲ್ಲಿ, ಆಸ್ಪತ್ರೆಯಿಂದ ವಾಪಸ್ ಕಳಿಸಿದ ಮೇಲೆ ದಾರಿಯಲ್ಲಿ ತೀರಿಕೊಳ್ಳುತ್ತಾರೆ. ಅದರಲ್ಲೂ ಹೆಂಗಸಿನ ಕಾಯಿಲೆ ಹೊಟ್ಟೆಯ ಕೆಳಗಿನದ್ದಾದರೆ ಮನೆಯವರೇ ಅದರ ಹೆಸರು ಹೇಳುವುದಿಲ್ಲ. ‘ಬಹಳ ದಿನ ಸೊರಗಿದ್ದಳು’ ಎಂದಷ್ಟೇ ಹೇಳಿ ಮುಗಿಸುತ್ತಾರೆ.

ಈ ಕತ್ತಲೆಯೊಳಗೆ ಇಣುಕಲು ದೊಡ್ಡ ಪ್ರಮಾಣದಲ್ಲಿ ನಡೆದ ಪ್ರಯತ್ನವೆಂದರೆ ಮಿಲಿಯನ್ ಡೆತ್ ಸ್ಟಡಿ. ದೇಶದಾದ್ಯಂತ ಆಯ್ದ ಆರು ಸಾವಿರಕ್ಕೂ ಹೆಚ್ಚು ಸಣ್ಣ ಪ್ರದೇಶಗಳಲ್ಲಿ, 2001ರಿಂದ 2003ರವರೆಗೆ ಸಾವು ಸಂಭವಿಸಿದ ಮನೆಗಳಿಗೆ ಗಣತಿ ಸಿಬ್ಬಂದಿ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತು ಎಂದು ಮನೆಯವರಿಂದ ಕೇಳಿ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಪರಸ್ಪರರಿಗೆ ತಿಳಿಯದಂತೆ ಓದಿ ಸಾವಿನ ಕಾರಣವನ್ನು ನಿರ್ಧರಿಸಿದರು. ಇದನ್ನು ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ಕ್ಯಾನ್ಸರ್ ಕುರಿತ ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 2010ರ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 5.56 ಲಕ್ಷ ಜನ ಕ್ಯಾನ್ಸರಿನಿಂದ ಸತ್ತರು ಎಂಬುದು ಅವರ ಅಂದಾಜು. ಅವರಲ್ಲಿ ನೂರಕ್ಕೆ 71 ಮಂದಿ 30ರಿಂದ 69 ವರ್ಷದೊಳಗಿನವರು. ಆ ವಯಸ್ಸಿನ ಮಹಿಳೆಯರ ಕ್ಯಾನ್ಸರ್ ಸಾವುಗಳಲ್ಲಿ ಗರ್ಭಕಂಠದ, ಎಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿನ ಪಾಲು ಶೇ 17.1, ಜಠರದ ಕ್ಯಾನ್ಸರಿನದು ಶೇ 14.1, ಸ್ತನ ಕ್ಯಾನ್ಸರಿನದು ಶೇ 10.2.

ಈ ಅಧ್ಯಯನದ ಎರಡು ಸಂಗತಿಗಳನ್ನು ನೀವು ಮನೆಗೆ ಒಯ್ಯಬೇಕೆಂದು ನನ್ನ ಆಸೆ. ಕ್ಯಾನ್ಸರ್ ಪೇಟೆಯ ರೋಗ, ಹಳ್ಳಿಯಲ್ಲಿ ಗಾಳಿ ಊಟ ಶುದ್ಧವಾಗಿರುವುದರಿಂದ ಅದು ಬರುವುದಿಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ಆದರೆ 30ರಿಂದ 69 ವಯಸ್ಸಿನ ಮಹಿಳೆಯರಲ್ಲಿ ಕ್ಯಾನ್ಸರ್ ಸಾವಿನ ದರ ಹಳ್ಳಿಗಳಲ್ಲಿ ಲಕ್ಷಕ್ಕೆ 96.6, ಪಟ್ಟಣಗಳಲ್ಲಿ 91.2 ಇತ್ತು. ಹೆಚ್ಚುಕಡಿಮೆ ಒಂದೇ. ನಿಜವಾದ ಅಂತರ ಕಂಡದ್ದು ಬೇರೆ ಕಡೆ: ಅಕ್ಷರ ಬಾರದ ಮಹಿಳೆಯರಲ್ಲಿ ಈ ದರ 106.7, ಅತಿ ಹೆಚ್ಚು ಓದಿದವರಲ್ಲಿ 43.4. ಓದಿದವಳಿಗೆ ರೋಗ ಬರುವುದಿಲ್ಲವೆಂದು ಇದರ ಅರ್ಥವಲ್ಲ. ಸ್ತನ ಕ್ಯಾನ್ಸರ್ ಓದಿದವರಲ್ಲಿಯೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಯಾವ ಕ್ಯಾನ್ಸರ್ ಬರುತ್ತದೆ, ಬಂದಾಗ ಎಷ್ಟು ಬೇಗ ಬಾಯಿ ಬಿಟ್ಟು ಹೇಳಲು ಆಗುತ್ತದೆ, ಹೇಳಿದ ಮೇಲೆ ಯಾರು ಕರೆದುಕೊಂಡು ಹೋಗುತ್ತಾರೆ ಎಂಬುದೆಲ್ಲ ಸೇರಿ ಈ ಅಂತರ ಹುಟ್ಟಿದೆ.

ಮುಂದೆ ನಾನು ಹೇಳುವ ದರಗಳೆಲ್ಲ ವಯೋಹೊಂದಾಣಿಕೆ ಮಾಡಿದವು ಎಂಬುದನ್ನು ಗಮನದಲ್ಲಿಡಿ. ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದಂತೆ ಹೆಚ್ಚುವ ರೋಗ. ಕೇರಳದಲ್ಲಿ ಅರವತ್ತು ದಾಟಿದವರ ಪಾಲು ದೇಶದಲ್ಲೇ ಹೆಚ್ಚು. ಅಲ್ಲಿ ಒಟ್ಟು ಸಾವುಗಳನ್ನು ಎಣಿಸಿ ನಮ್ಮ ಜಿಲ್ಲೆಯೊಂದಿಗೆ ಹೋಲಿಸಿದರೆ ಕೇರಳ ರೋಗಿಷ್ಠ ರಾಜ್ಯವಾಗಿ ಕಾಣುತ್ತದೆ. ಎರಡೂ ಕಡೆ ವಯಸ್ಸಿನ ಹಂಚಿಕೆ ಒಂದೇ ಇದ್ದಿದ್ದರೆ ದರ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದ ಮೇಲೆಯೇ ಹೋಲಿಕೆಗೆ ಅರ್ಥ ಬರುವುದು. ಪತ್ರಿಕೆಯಲ್ಲಿ ‘ಈ ಜಿಲ್ಲೆಯಲ್ಲಿ ಕ್ಯಾನ್ಸರ್ ಸ್ಫೋಟ’ ಎಂಬ ತಲೆಬರಹ ಕಂಡಾಗಲೆಲ್ಲ ವಯಸ್ಸಿನ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಬಹಳ ಸಲ ಹಾಕಿರುವುದಿಲ್ಲ.

ಈಗ ದೇಶದ ನಕ್ಷೆಯನ್ನು ನೋಡೋಣ. 2020ರ ವರದಿಯ ಪ್ರಕಾರ ಮಹಿಳೆಯರಲ್ಲಿ ಹೊಸದಾಗಿ ಕ್ಯಾನ್ಸರ್ ಕಾಣಿಸಿಕೊಳ್ಳುವ ದರ ಅತಿ ಹೆಚ್ಚಿದ್ದದ್ದು ಅರುಣಾಚಲ ಪ್ರದೇಶದ ಪಾಪುಂಪಾರೆ ಜಿಲ್ಲೆಯಲ್ಲಿ, ಲಕ್ಷಕ್ಕೆ 219.8. ಅತಿ ಕಡಿಮೆ ಇದ್ದದ್ದು ನಮ್ಮ ನೆರೆಯ ಉಸ್ಮಾನಾಬಾದ್ ಮತ್ತು ಬೀಡ್ ಜಿಲ್ಲೆಗಳಲ್ಲಿ, 49.4. ಒಂದೇ ದೇಶದೊಳಗೆ ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರ. ಇದರಲ್ಲಿ ಸ್ವಲ್ಪ ಪಾಲು ನಿಜವಾದ ಅಂತರ, ಸ್ವಲ್ಪ ಪಾಲು ಪತ್ತೆಯ ಅಂತರ ಎಂಬುದು ನನ್ನ ಅಭಿಪ್ರಾಯ. ಪರೀಕ್ಷಿಸುವವರು ಕಡಿಮೆ ಇರುವ ಕಡೆ ರೋಗವೂ ಕಡಿಮೆ ಇರುವಂತೆ ಕಾಣುವುದು ಸಹಜ.

ಇಲ್ಲಿಯೇ ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಬಹಳ ಮಂದಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿರುವುದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಹೆದರಿಕೆ ಇಂಥ ಶಸ್ತ್ರಚಿಕಿತ್ಸೆಗಳ ಹಿಂದೆ ಕೆಲಸ ಮಾಡುತ್ತದೆ. ಬಿಳಿಸೆರಗು, ಸೊಂಟನೋವು ಎಂದು ಹೋದ ಮೂವತ್ತೈದರ ಹೆಣ್ಣುಮಗಳಿಗೆ ಮೊದಲು ಮಾಡಬೇಕಾದದ್ದು ಗರ್ಭಕಂಠದ ಪರೀಕ್ಷೆ. ಅದನ್ನು ಮಾಡದೆ ನೇರವಾಗಿ ಗರ್ಭಕೋಶ ತೆಗೆಯುವುದು ಕ್ಯಾನ್ಸರ್ ತಡೆಯುವ ವಿಧಾನವಲ್ಲ. ಲೆಕ್ಕದ ದೃಷ್ಟಿಯಿಂದಲೂ ಇದು ತೊಡಕು. ಗರ್ಭಕೋಶವೇ ಇಲ್ಲದ ಮಹಿಳೆಯರನ್ನು ಗರ್ಭಕಂಠದ ಕ್ಯಾನ್ಸರ್ ಬರಬಹುದಾದವರ ಜೊತೆಗೆ ಎಣಿಸುತ್ತಾ ಹೋದರೆ ದರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ನಕ್ಷೆಗೆ ಮರಳೋಣ. ಸ್ತನ ಕ್ಯಾನ್ಸರ್ ದೊಡ್ಡ ನಗರಗಳ ಪಟ್ಟಿಯಲ್ಲಿ ಮೇಲಿದೆ: ಹೈದರಾಬಾದಿನಲ್ಲಿ ಲಕ್ಷಕ್ಕೆ 48, ಚೆನ್ನೈಯಲ್ಲಿ 42.2, ಬೆಂಗಳೂರಿನಲ್ಲಿ 40.5. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಮಹಿಳೆಯರನ್ನು ಕಾಡುತ್ತದೆ. ಉತ್ತರ ಪ್ರದೇಶ, ಬಿಹಾರ, ದೆಹಲಿ, ಅಸ್ಸಾಮಿನ ಕಡೆ ಅದು ಮುಖ್ಯ ಕ್ಯಾನ್ಸರುಗಳಲ್ಲಿ ಒಂದಾದರೆ ನಮ್ಮಲ್ಲಿ ಅಪರೂಪ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಸಿ ಅಡಿಕೆಯನ್ನು ಗಂಡಸರೂ ಹೆಂಗಸರೂ ದಿನವಿಡೀ ಅಗಿಯುತ್ತಾರೆ. ಅಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು. ನಕ್ಷೆಯ ಮೇಲಿನ ಪ್ರತಿಯೊಂದು ಕಪ್ಪು ಗುರುತಿನ ಹಿಂದೆ ಇಂಥದೊಂದು ಬದುಕಿನ ರೀತಿ ಇರುತ್ತದೆ, ಆದರೆ ಅದನ್ನು ಕಂಡುಹಿಡಿಯಲು ಯಾರಾದರೂ ಆ ಊರಿಗೆ ಹೋಗಬೇಕು.

ಹೀಗೆ ಹೋದವರ ಕಥೆಯೊಂದು ನಮಗೆ ತೀರ ಹತ್ತಿರದ್ದು, ಊರು ಮಾತ್ರ ದೂರದ್ದು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1950ರಿಂದ 1969ರವರೆಗಿನ ಸಾವುಗಳನ್ನು ಕೌಂಟಿವಾರು, ಎಂದರೆ ಅಲ್ಲಿನ ಜಿಲ್ಲೆವಾರು, ವಿಂಗಡಿಸಿ ನಕ್ಷೆಗಳ ಪುಸ್ತಕವೊಂದನ್ನು ಹೊರತಂದಿತು. ನಕ್ಷೆಯಲ್ಲಿ ಒಂದು ಸಂಗತಿ ಎದ್ದು ಕಂಡಿತು: ಆಗ್ನೇಯ ರಾಜ್ಯಗಳ ಹಳ್ಳಿಗಾಡಿನಲ್ಲಿ ಬಿಳಿಯ ಹೆಂಗಸರು ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಿಂದ ವಿಪರೀತವಾಗಿ ಸಾಯುತ್ತಿದ್ದರು. ಅವರು ಸಿಗರೇಟು ಹೆಚ್ಚು ಸೇದುವವರೂ ಅಲ್ಲ, ಕುಡಿಯುವವರೂ ಅಲ್ಲ. ಆ ಭಾಗದಲ್ಲಿ ಹತ್ತಿಯ ಗಿರಣಿಗಳಿದ್ದುದರಿಂದ ಅದರ ದೂಳು ಕಾರಣವಿರಬಹುದೆಂದು ಕೆಲವರು ಊಹಿಸಿದರು. ಕೊನೆಗೆ ನಾರ್ತ್ ಕೆರೊಲಿನಾದಲ್ಲಿ ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿ ನೋಡಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಕಾರಣ ಗಿರಣಿಯಲ್ಲ, ಒಸಡಿಗೆ ಒತ್ತಿಕೊಳ್ಳುವ ನಶ್ಯ. ಅಲ್ಲಿನ ಹೆಣ್ಣುಮಕ್ಕಳು ಚಿಕ್ಕಂದಿನಿಂದಲೇ ತಂಬಾಕಿನ ಪುಡಿಯನ್ನು ಒಸಡು ಮತ್ತು ಕೆನ್ನೆಯ ನಡುವೆ ಇಟ್ಟುಕೊಳ್ಳುತ್ತಿದ್ದರು. ಸಿಗರೇಟು ಸೇದದೆ ನಶ್ಯ ಮಾತ್ರ ಇಡುತ್ತಿದ್ದವರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ನಾಲ್ಕು ಪಟ್ಟು. ಬಹಳ ವರ್ಷ ಇಟ್ಟವರಲ್ಲಿ ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರಿನ ಅಪಾಯ ಸುಮಾರು ಐವತ್ತು ಪಟ್ಟು.

ನಿಮ್ಮಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ಹೌದು, ನಿಮ್ಮ ಅಜ್ಜಿಯರು ಕಟ್ಟೆಯ ಮೇಲೆ ಕೂತು ಮಾಡುತ್ತಿದ್ದುದು ಇದನ್ನೇ. ಕಡ್ಡಿಪುಡಿ, ತಂಬಾಕಿಟ್ಟ ಎಲೆಅಡಿಕೆ, ಬೆಳಗಾವಿ ಮತ್ತು ಕೊಲ್ಹಾಪುರದ ಕಡೆ ತಂಬಾಕನ್ನು ಹುರಿದು ಕಪ್ಪು ಮಾಡಿ ಹಲ್ಲಿಗೆ ತಿಕ್ಕುವ ಮಶೇರಿ. ನಿಪ್ಪಾಣಿಯಂಥ ತಂಬಾಕಿನ ಪೇಟೆ ನಮ್ಮ ವಿಭಾಗದಲ್ಲೇ ಇದೆ. ಬೀಡಿ ಕಟ್ಟುವ ಸಾವಿರಾರು ಹೆಂಗಸರ ಬೆರಳಿಗೆ ಆ ಎಲೆ ದಿನನಿತ್ಯದ ವಸ್ತು. ಹಲ್ಲುನೋವಿಗೆ ಒಳ್ಳೆಯದು, ಹಸಿವು ಕಡಿಮೆ ಮಾಡುತ್ತದೆ ಎಂದು ಶುರುವಾದದ್ದು ಜೀವನಪೂರ್ತಿ ಬಿಡುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ 14.2ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕು ಬಳಸುವವರು ಶೇ 12.8, ಸೇದುವವರು ಶೇ 2 ಮಾತ್ರ. ಹೆಂಗಸರು ಸೇದುವುದಿಲ್ಲವಾದ್ದರಿಂದ ಅವರಿಗೆ ತಂಬಾಕಿನ ಕ್ಯಾನ್ಸರ್ ಇಲ್ಲ ಎಂಬುದು ಪಾಶ್ಚಾತ್ಯ ಪಠ್ಯಪುಸ್ತಕ ಓದಿದ ವೈದ್ಯರ ಭ್ರಮೆ. ಬೆಂಗಳೂರಿನ ನೋಂದಣಿಯ ಆರಂಭದ ವರ್ಷಗಳಿಂದಲೂ ಮಹಿಳೆಯರ ಬಾಯಿ ಕ್ಯಾನ್ಸರ್ ಎದ್ದು ಕಾಣುವಷ್ಟಿದೆ.

ಸೇದದ ಹೆಂಗಸರ ಇನ್ನೊಂದು ಉದಾಹರಣೆ ಚೀನಾದ ಯುನ್ನಾನ್ ಪ್ರಾಂತ್ಯದ ಶ್ವಾನ್‌ವೇಯಿ ಎಂಬ ಸೀಮೆಯದು. ಅಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಮಹಿಳೆಯರ ದರ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು, ಆದರೆ ಆ ಹೆಂಗಸರು ಸಿಗರೇಟು ಮುಟ್ಟುತ್ತಿರಲಿಲ್ಲ. ಮನೆಯೊಳಗೆ ಹೊಗೆಗೂಡಿಲ್ಲದ ಒಲೆಯಲ್ಲಿ ಅವರು ಉರಿಸುತ್ತಿದ್ದ ಹೊಗೆಯಾಡುವ ಕಲ್ಲಿದ್ದಲೇ ಕಾರಣವೆಂದು ತಿಳಿಯಿತು. ಒಲೆಗೆ ಹೊಗೆಗೂಡು ಹಾಕಿಸಿದ ಮನೆಗಳಲ್ಲಿ ಮುಂದೆ ಮಹಿಳೆಯರ ಅಪಾಯ ಸುಮಾರು ಅರ್ಧದಷ್ಟು ಇಳಿಯಿತು. ನಮ್ಮ ಜೋಳದ ದಂಟು, ಹತ್ತಿ ಕಟ್ಟಿಗೆ, ಕುಳ್ಳಿನ ಹೊಗೆ ಆ ಕಲ್ಲಿದ್ದಲಿನಷ್ಟು ಭೀಕರವಲ್ಲ. ಆದರೂ ಹೊಗೆ ಹೊಗೆಯೇ. ಗ್ಯಾಸ್ ಬಂದ ಮೇಲೂ ರೊಟ್ಟಿ ಬಡಿಯಲು ಮತ್ತು ನೀರು ಕಾಯಿಸಲು ಕಟ್ಟಿಗೆಯ ಒಲೆ ಉರಿಯುತ್ತಿರುವ ಮನೆಗಳನ್ನು ನೀವೇ ದಿನಾ ನೋಡುತ್ತೀರಿ.

ಇಷ್ಟು ಹೊತ್ತು ಜಾಗದಿಂದ ಜಾಗಕ್ಕೆ ಇರುವ ಅಂತರವನ್ನು ಹೇಳಿದೆ. ಕಾಲದಿಂದ ಕಾಲಕ್ಕೆ ಏನಾಗುತ್ತಿದೆ? ಭಾರತದ ಮಟ್ಟಿಗೆ ಚಿತ್ರ ಸ್ಪಷ್ಟ. 1990ರಿಂದ 2016ರವರೆಗಿನ ರಾಜ್ಯವಾರು ಅಧ್ಯಯನವೊಂದರ ಪ್ರಕಾರ ಗರ್ಭಕಂಠದ ಕ್ಯಾನ್ಸರ್ ಬರುವ ದರ ಸುಮಾರು ಶೇ 40ರಷ್ಟು ಇಳಿದಿದೆ. ಸ್ತನ ಕ್ಯಾನ್ಸರ್ ಬರುವ ದರ ಸುಮಾರು ಅಷ್ಟೇ ಪ್ರಮಾಣದಲ್ಲಿ ಏರಿದೆ, ಅದೂ ಎಲ್ಲ ರಾಜ್ಯಗಳಲ್ಲಿ. ಒಂದು ಇಳಿಯುವುದೂ ಇನ್ನೊಂದು ಏರುವುದೂ ಬೇರೆ ಬೇರೆ ಸಂಗತಿಗಳಲ್ಲ, ಮೂಲದಲ್ಲಿ ಒಂದೇ.

ಇದನ್ನು ಅರ್ಥ ಮಾಡಿಕೊಳ್ಳಲು ಇಟಲಿಯ ವೆರೋನಾ ನಗರದ ಹಳೆಯ ಸಾವಿನ ದಾಖಲೆಗಳನ್ನು ನೆನೆಯಬೇಕು. ರಿಗೋನಿ-ಸ್ಟರ್ನ್ ಎಂಬ ವೈದ್ಯ 1760ರಿಂದ 1839ರವರೆಗಿನ ಸಾವುಗಳ ದಾಖಲೆಯನ್ನು ಕುಳಿತು ಓದಿ 1842ರಲ್ಲಿ ತನ್ನ ಲೆಕ್ಕವನ್ನು ಮಂಡಿಸಿದ. ಮದುವೆಯಾದ ಹೆಂಗಸರಲ್ಲಿ ಗರ್ಭಕೋಶದ (ಗರ್ಭಕಂಠದ್ದೂ ಸೇರಿ) ಕ್ಯಾನ್ಸರ್ ಹೆಚ್ಚು, ಸನ್ಯಾಸಿನಿಯರಲ್ಲಿ ಅತಿ ವಿರಳ. ಸ್ತನ ಕ್ಯಾನ್ಸರ್ ಮಾತ್ರ ಸನ್ಯಾಸಿನಿಯರಲ್ಲೇ ಹೆಚ್ಚು. ಸೂಕ್ಷ್ಮದರ್ಶಕವಾಗಲಿ ಪ್ರಯೋಗಾಲಯವಾಗಲಿ ಬೇಕಾಗಲಿಲ್ಲ, ಸತ್ತವರ ಪಟ್ಟಿಯನ್ನು ತಾಳ್ಮೆಯಿಂದ ಓದಿದ್ದೇ ಸಾಕಾಯಿತು. ಗರ್ಭಕಂಠದ ಕ್ಯಾನ್ಸರಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್ಸೇ ಕಾರಣವೆಂದು ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ ನೊಬೆಲ್ ಬಂದದ್ದು 2008ರಲ್ಲಿ. ವೆರೋನಾದ ಲೆಕ್ಕದ ಒಂದು ಭಾಗಕ್ಕೆ ಉತ್ತರ ಸಿಗಲು ಒಂದೂವರೆ ಶತಮಾನ ಬೇಕಾಯಿತು.

ಇನ್ನೊಂದು ಭಾಗಕ್ಕೆ ಉತ್ತರ ಬಸಿರು ಬಾಣಂತನದಲ್ಲಿದೆ. ಒಂದೊಂದು ಹೆರಿಗೆಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ 7ರಷ್ಟು, ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಶೇ 4.3ರಷ್ಟು ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕ. ನಮ್ಮ ಅಜ್ಜಿಯರಿಗೆ ಹದಿಮೂರಕ್ಕೆ ಮದುವೆ, ಎಂಟು ಹೆರಿಗೆ, ವರ್ಷಗಟ್ಟಲೆ ಹಾಲೂಡಿಸುವುದು. ಅವರಿಗೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು, ಸ್ತನ ಕ್ಯಾನ್ಸರಿನದು ಕಡಿಮೆಯಿತ್ತು. 2019-21ರ ಹೊತ್ತಿಗೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮದುವೆಯ ವಯಸ್ಸು ಏರಿದೆ, ಮನೆಗೆ ನೀರು ಬಂದು ಶುಚಿತ್ವ ಸುಧಾರಿಸಿದೆ. ಹಾಗಾಗಿ ತಕ್ಕಡಿ ಆ ಕಡೆಯಿಂದ ಈ ಕಡೆಗೆ ವಾಲಿದೆ. ಹೆಚ್ಚು ಮಕ್ಕಳನ್ನು ಹೆರಬೇಕು ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಯಾರೂ ತಿಳಿಯಬಾರದು. ಹೆರಿಗೆಯಲ್ಲಿ ಸತ್ತ ತಾಯಂದಿರ ಲೆಕ್ಕ ತೆಗೆದರೆ ಆ ವಾದ ಒಂದು ಕ್ಷಣವೂ ನಿಲ್ಲುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ವಿಶೇಷವೆಂದರೆ ನಾವು ಎರಡೂ ಕಾಲಗಳಲ್ಲಿ ಒಟ್ಟಿಗೆ ಬದುಕುತ್ತಿದ್ದೇವೆ. ಬಾಲ್ಯವಿವಾಹ ಇನ್ನೂ ನಿಂತಿಲ್ಲ, ಚಿಕ್ಕ ಕುಟುಂಬ ಆಗಲೇ ಬಂದಿದೆ. ಇಲ್ಲಿ ಎರಡೂ ಕ್ಯಾನ್ಸರುಗಳನ್ನು ಎದುರಿಸಬೇಕು.

ರೋಗ ಬರುವುದು ಒಂದು, ರೋಗದಿಂದ ಸಾಯುವುದು ಇನ್ನೊಂದು. ಈವರೆಗೆ ಈ ಎರಡನ್ನೂ ಬೆರೆಸಿ ಮಾತನಾಡಿದ್ದೇನೆ, ಈಗ ಬಿಡಿಸಿ ಹೇಳುತ್ತೇನೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಲಕ್ಷ ಮಹಿಳೆಯರಲ್ಲಿ ಸುಮಾರು 96 ಮಂದಿಗೆ ವರ್ಷಕ್ಕೆ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಭಾರತದಲ್ಲಿ ಸುಮಾರು 27 ಮಂದಿಗೆ. ಸಾಯುವವರು ಅಲ್ಲಿ ಲಕ್ಷಕ್ಕೆ ಸುಮಾರು 12, ಇಲ್ಲಿ 13ರಿಂದ 14. ಇನ್ನೊಮ್ಮೆ ಕೇಳಿ: ರೋಗ ಅಲ್ಲಿಗಿಂತ ಮೂರೂವರೆ ಪಟ್ಟು ಕಡಿಮೆ, ಸಾವು ಅಲ್ಲಿಗಿಂತ ಸ್ವಲ್ಪ ಹೆಚ್ಚು. ಅದೇ ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದರೆ ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಗರ್ಭಕಂಠದ ಕ್ಯಾನ್ಸರಿನಲ್ಲಿ 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ಅಮೆರಿಕದ ಒಳಗೂ ಇದೇ ಕಥೆ ಇದೆ. ಅಲ್ಲಿ 1989ರ ನಂತರ ಸ್ತನ ಕ್ಯಾನ್ಸರ್ ಸಾವಿನ ದರ ಶೇ 40ಕ್ಕಿಂತ ಹೆಚ್ಚು ಇಳಿದಿದೆ. ಆದರೆ ಕಪ್ಪು ಮಹಿಳೆಯರಿಗೆ ರೋಗ ಬಿಳಿಯರಿಗಿಂತ ಸ್ವಲ್ಪ ಕಡಿಮೆ ಬಂದರೂ ಸಾವಿನ ದರ ಅವರಲ್ಲಿ ಸುಮಾರು ಶೇ 40ರಷ್ಟು ಹೆಚ್ಚು. ಗಡ್ಡೆಯ ಬಗೆಯಲ್ಲಿರುವ ವ್ಯತ್ಯಾಸ ಸ್ವಲ್ಪ ಕಾರಣ. ವಿಮೆ, ದೂರ, ತಡವಾದ ಚಿಕಿತ್ಸೆ ಉಳಿದ ಕಾರಣ.

ನಮ್ಮ ದೇಶದ ಹನ್ನೊಂದು ನೋಂದಣಿ ಕೇಂದ್ರಗಳಲ್ಲಿ 2012ರಿಂದ 2015ರವರೆಗೆ ದಾಖಲಾದ ಸ್ತನ ಕ್ಯಾನ್ಸರ್ ರೋಗಿಗಳನ್ನು ಹಿಂಬಾಲಿಸಿದಾಗ ಐದು ವರ್ಷ ಬದುಕುಳಿದವರು ಸರಾಸರಿ ಶೇ 66.4. ಮಿಜೋರಾಂನಲ್ಲಿ ಅದು ಶೇ 74.9, ಅರುಣಾಚಲದ ಪಾಸೀಘಾಟ್‌ನಲ್ಲಿ ಶೇ 41.9. ಗರ್ಭಕಂಠದ ಕ್ಯಾನ್ಸರಿನಲ್ಲಿ ಅಹಮದಾಬಾದ್ ನಗರದವರು ಶೇ 61.5, ತ್ರಿಪುರಾದವರು ಶೇ 31.6. ಮಿಜೋರಾಂ ಮತ್ತು ಪಾಸೀಘಾಟ್ ಎರಡೂ ಈಶಾನ್ಯದವೇ. ಗುಡ್ಡಗಾಡು, ದೂರ, ಬಡತನ ಎಂಬ ವಿವರಣೆ ಎರಡಕ್ಕೂ ಒಪ್ಪಬೇಕಿತ್ತು. ಒಪ್ಪುವುದಿಲ್ಲ. ರೋಗ ಬಂದವಳಿಗೆ ಚಿಕಿತ್ಸೆ ಎಷ್ಟು ಹತ್ತಿರದಲ್ಲಿ ಸಿಕ್ಕಿತು, ಅದನ್ನು ಪೂರ್ತಿಗೊಳಿಸಲು ಆಯಿತೇ ಎಂಬುದು ಊರಿನ ಹೆಸರಿಗಿಂತ ದೊಡ್ಡ ಸಂಗತಿ.

ನಮ್ಮ ಕಡೆಯ ಮಹಿಳೆ ಎಲ್ಲಿಗೆ ಹೋಗುತ್ತಾಳೆ? ಅಥಣಿ, ರಾಯಬಾಗದವರು ಮಿರಜಕ್ಕೆ, ಇಂಡಿ ಚಡಚಣದವರು ಸೊಲ್ಲಾಪುರಕ್ಕೆ, ಬಾಗಲಕೋಟೆಯವರು ಹುಬ್ಬಳ್ಳಿಗೆ, ಯಾರೂ ಕೈಹಿಡಿಯದಿದ್ದರೆ ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ. ವಿಕಿರಣ ಚಿಕಿತ್ಸೆ ಎಂದರೆ ವಾರಕ್ಕೆ ಐದು ದಿನದಂತೆ ಹಲವು ವಾರ. ಸುಗ್ಗಿ ಬಂತು, ಮಗಳ ಬಾಣಂತನ ಬಂತು, ಎಮ್ಮೆ ಕರು ಹಾಕಿತು ಎಂದು ಅರ್ಧಕ್ಕೆ ವಾಪಸಾಗುವವರು ಅಲ್ಪಸ್ವಲ್ಪವಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ವೆಚ್ಚ ಭರಿಸಬಹುದು. ಜೊತೆಯಲ್ಲಿ ಹೋದ ಗಂಡನ ಕೂಲಿಯನ್ನು ಭರಿಸುವುದಿಲ್ಲ. ಎಲ್ಲಕ್ಕಿಂತ ಮೊದಲು ಹೊಸ್ತಿಲು ದಾಟುವ ಪ್ರಶ್ನೆ. ‘ಗಂಟೇನೋ ಐತಿ, ಆದ್ರ ಬ್ಯಾನಿ ಇಲ್ಲ’ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದನ್ನು ನೀವೆಲ್ಲ ಕೇಳಿದ್ದೀರಿ. ಸ್ತನದ ಕ್ಯಾನ್ಸರ್ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನೋಯುವುದಿಲ್ಲ ಎಂಬುದು ತೋರಿಸಲು ಕಾರಣವೇ ಹೊರತು ಸುಮ್ಮನಿರಲು ಅಲ್ಲ.

ಬಾರ್ಶಿಯಲ್ಲಿ ಏನಾಯಿತು ಎಂಬುದನ್ನು ಈಗ ಹೇಳಬಹುದು. ಅಲ್ಲಿ ನೋಂದಣಿಯ ಕಾರ್ಯಕರ್ತರು ಹಳ್ಳಿಗೆ ಹೋದದ್ದು ಲೆಕ್ಕ ಬರೆಯಲು. ಆದರೆ ಲೆಕ್ಕ ಬರೆಯಬೇಕಾದರೆ ಜನರಿಗೆ ಲಕ್ಷಣಗಳನ್ನು ವಿವರಿಸಬೇಕಾಗುತ್ತದೆ: ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ಸಂಪರ್ಕದ ನಂತರ ರಕ್ತ ಹೋಗುವುದು, ವಾಸನೆಯ ಸ್ರಾವ. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಎರಡು ಹಂತಗಳಲ್ಲಿಯೇ ಪತ್ತೆಯಾಗುವವರ ಪಾಲು ಏರಿತು. ಯಾವ ಯಂತ್ರವನ್ನೂ ತಂದಿರಲಿಲ್ಲ. ಎಣಿಸಲು ಹೋದವರ ಮಾತೇ ಚಿಕಿತ್ಸೆಯ ಮೊದಲ ಮೆಟ್ಟಿಲಾಯಿತು.

ಅದಾದ ಮೇಲೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಅದಕ್ಕೆ ಧಾರಾಶಿವ ಎನ್ನುತ್ತಾರೆ, ಜಗತ್ತೇ ಗಮನಿಸಿದ ಪ್ರಯೋಗ ನಡೆಯಿತು. 30ರಿಂದ 59 ವರ್ಷದ 1,31,746 ಮಹಿಳೆಯರನ್ನು, ಹಳ್ಳಿಗಳ 52 ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಭಾಗಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್‌ನಲ್ಲಿರುವ ಆಮ್ಲದ ತೆಳು ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ ಮಾಡಿದರು. ನಾಲ್ಕನೆಯ ಭಾಗಕ್ಕೆ ಎಂದಿನ ಆರೈಕೆ ಮಾತ್ರ. ಎಂಟು ವರ್ಷಗಳ ನಂತರ ಬಂದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಮ್ಮೆ ಎಚ್‌ಪಿವಿ ಪರೀಕ್ಷೆ ಪಡೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು: ಪರೀಕ್ಷೆ ಇಲ್ಲದ ಗುಂಪಿನಲ್ಲಿ 64 ಸಾವು, ಇದರಲ್ಲಿ 34. ಉಳಿದೆರಡು ವಿಧಾನಗಳಿಂದ ಅಲ್ಲಿ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಆದರೆ ಅದೇ ವಿನೆಗರ್ ಪರೀಕ್ಷೆ ತಮಿಳುನಾಡಿನ ದಿಂಡಿಗಲ್‌ನಲ್ಲಿ ಸಾವನ್ನು ಶೇ 35ರಷ್ಟು, ಮುಂಬೈಯ ಕೊಳೆಗೇರಿಗಳಲ್ಲಿ ಶೇ 31ರಷ್ಟು ಇಳಿಸಿತು. ಈ ಪರೀಕ್ಷೆಯ ಗುಣ ನೋಡುವ ಕಣ್ಣಿನಲ್ಲಿದೆ, ತರಬೇತಿಯಲ್ಲಿದೆ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ.

ಈ ಪ್ರಯೋಗಗಳ ಬಗ್ಗೆ ನೈತಿಕ ಆಕ್ಷೇಪವೂ ಇದೆ, ಅದನ್ನು ಮುಚ್ಚಿಡಬಾರದು. ತಪಾಸಣೆಯಿಂದ ಜೀವ ಉಳಿಯುತ್ತದೆ ಎಂದು ಬೇರೆ ದೇಶಗಳಲ್ಲಿ ಆಗಲೇ ತಿಳಿದಿದ್ದಾಗ ಸಾವಿರಾರು ಬಡ ಮಹಿಳೆಯರನ್ನು ತಪಾಸಣೆಯಿಲ್ಲದೆ ಬಿಟ್ಟು ಅವರ ಸಾವನ್ನು ಎಣಿಸಿದ್ದು ಸರಿಯೇ ಎಂದು ಕೇಳಿದವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಉತ್ತರ ಸಿಕ್ಕ ಮೇಲೆ ನಾವು ಮಾಡಿದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ. ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು ಹತ್ತು. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಚೀಟಿಗಳು ಬಂದಿವೆ. ಒಬ್ಬರು ಲಸಿಕೆಯ ಬಗ್ಗೆ ಕೇಳಿದ್ದಾರೆ. ಎಚ್‌ಪಿವಿ ಲಸಿಕೆಯನ್ನು ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ, ವೈರಸ್ ತಗಲುವ ಮೊದಲೇ ಕೊಡಬೇಕು. ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಸಿಕ್ಕ ತಲೆಮಾರಿನಲ್ಲಿ ಈ ಕ್ಯಾನ್ಸರ್ ಶೇ 87ರಷ್ಟು ಕಡಿಮೆಯಾಗಿದೆ. ಸಿಕ್ಕಿಂ 2018ರಲ್ಲೇ ತನ್ನ ಶಾಲೆಗಳಲ್ಲಿ ಕೊಟ್ಟಿತು. ಒಂದೇ ಡೋಸ್ ಸಾಕಾಗಬಹುದು ಎಂಬುದಕ್ಕೆ ಮುಖ್ಯ ಸಾಕ್ಷ್ಯ ಬಂದದ್ದು ಭಾರತದ ಅಧ್ಯಯನದಿಂದ, ಅದರ ಕೇಂದ್ರಗಳಲ್ಲಿ ಬಾರ್ಶಿಯೂ ಒಂದು. ಲಸಿಕೆ ಪಡೆದವಳಿಗೂ ಮೂವತ್ತರ ನಂತರ ತಪಾಸಣೆ ಬೇಕು. ಇಂದಿನ ಮೂವತ್ತು ದಾಟಿದವರಿಗಂತೂ ತಪಾಸಣೆಯೇ ದಾರಿ. ಸೂಜಿ ಚುಚ್ಚಿ ಪರೀಕ್ಷೆಗೆ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆಯೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಆ ಹೆದರಿಕೆಯಿಂದ ಪರೀಕ್ಷೆಯನ್ನೇ ಬಿಡುವುದರಿಂದ ಜೀವ ಹೋಗುತ್ತದೆ. ತುಣುಕು ಪರೀಕ್ಷೆ ಇಲ್ಲದೆ ಯಾವ ಗಡ್ಡೆಗೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸಲಾಗದು.

ಪಂಚಾಯಿತಿ ಸದಸ್ಯರೊಬ್ಬರ ಚೀಟಿಯಲ್ಲಿ, ಮನೆಯಲ್ಲಿ ಸತ್ತವರ ಕಾರಣವನ್ನು ದಾಖಲೆಯಲ್ಲಿ ಹೇಗೆ ಬರೆಸಬೇಕು ಎಂಬ ಪ್ರಶ್ನೆ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಆಸ್ಪತ್ರೆಯಲ್ಲಿ ಸತ್ತವರಿಗೆ ನಮೂನೆ 4, ಹೊರಗೆ ಸತ್ತವರಿಗೆ ನಮೂನೆ 4ಎ ಇದೆ. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಅದನ್ನು ತುಂಬಬೇಕು, ಅದಕ್ಕೆ ಹಣ ಕೇಳುವಂತಿಲ್ಲ. ‘ಹೃದಯ ಸ್ತಂಭನ’ ಎಂದು ಬರೆದರೆ ಪ್ರಯೋಜನವಿಲ್ಲ, ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಮೂಲ ರೋಗ ಯಾವುದು ಎಂದು ಬರೆಯಬೇಕು. ‘ಗರ್ಭಕೋಶದ ಕ್ಯಾನ್ಸರ್’ ಎಂದಷ್ಟೇ ಬರೆದರೆ ಆ ಸಾವು ಗರ್ಭಕಂಠದ ಲೆಕ್ಕಕ್ಕೂ ಸೇರದೆ ಗರ್ಭಕೋಶದ ಒಳಪದರದ ಲೆಕ್ಕಕ್ಕೂ ಸೇರದೆ ನಡುವೆ ಉಳಿಯುತ್ತದೆ. ಮನೆಯವರ ಬಳಿ ಹುಬ್ಬಳ್ಳಿಯದೋ ಮಿರಜದ್ದೋ ಸೊಲ್ಲಾಪುರದ್ದೋ ಹಳೆಯ ಕಾಗದಪತ್ರ, ತುಣುಕು ಪರೀಕ್ಷೆಯ ವರದಿ ಇದ್ದರೆ ಅದನ್ನು ವೈದ್ಯರ ಮುಂದಿಟ್ಟು ಬರೆಸಿ. ಆಶಾ ಕಾರ್ಯಕರ್ತೆಯರು ಸಾವಿನ ಮನೆಗೆ ಹೇಗೂ ಹೋಗುತ್ತೀರಿ; ಮೂರನೆಯ ದಿನವೋ ಹತ್ತನೆಯ ದಿನವೋ ಆ ಕಾಗದಗಳನ್ನು ಸುಟ್ಟುಬಿಡುವ ಮೊದಲು ಒಮ್ಮೆ ಕೇಳಿ ನೋಡಿ.